ಇಗರ್ಜಿಯ ಮಂದ ಬೆಳಕು, ಕಡಿಮೆ ಬೆಲೆಯ ಲೆನ್ಸು

ಕರಾವಳಿಯ ಒಂದು ಹಳ್ಳಿಯಲ್ಲಿ ನಮ್ಮ ಗೆಳೆಯನ ಅಕ್ಕನ ಮದುವೆ. ಫೋಟೊ ತೆಗೆಯುವ ಕೆಲಸ ನಮ್ಮದು. ಇಗರ್ಜಿಯ ಬಾಗಿಲಲ್ಲೇ ಫಾದರ್ ನಮ್ಮನ್ನು ಕರೆದು, "ಪೂಜೆ ನಡೆಯುವಾಗ ಫ್ಲ್ಯಾಶ್ ಬೇಡ ಮಕ್ಕಳೇ" ಅಂದರು. ತಲೆಯಾಡಿಸಿದೆವು. ಕೈಯಲ್ಲಿದ್ದದ್ದು ಕ್ಯಾಮೆರಾ ಜೊತೆಗೇ ಬಂದ 18-55 ಕಿಟ್ ಲೆನ್ಸ್. ಸಂಜೆ ಕೂತು ನೋಡಿದರೆ ಕಂಬ, ಪೀಠ, ಮೇಣದಬತ್ತಿ ಎಲ್ಲವೂ ಸ್ಪಷ್ಟ. ಉಂಗುರ ತೊಡಿಸಿಕೊಳ್ಳುತ್ತಿದ್ದ ಅಕ್ಕನ ಕೈ ಮಾತ್ರ ಹೊಗೆಯಂತೆ ಕದಡಿಹೋಗಿತ್ತು. ಆ ಗಳಿಗೆ ಮತ್ತೆ ಬರುವುದಿಲ್ಲ.

ಯಾವ ಲೆನ್ಸ್ ಕೊಂಡರೆ ಈ ತಪ್ಪು ಮರುಕಳಿಸದು ಎಂದು ಹುಡುಕುತ್ತಾ ಹೋದೆವು. ಈ ತೊಂದರೆ ಫೋಟೊಗ್ರಫಿಯಷ್ಟೇ ಹಳೆಯದು, ಪರಿಹಾರವೂ ಹೊಸದಲ್ಲ ಎಂದು ಆಗ ತಿಳಿಯಿತು.

ಕಿಟಕಿ ದೊಡ್ಡದು ಮಾಡಿದ ಲೆಕ್ಕದ ಮೇಷ್ಟ್ರು

1839ರಲ್ಲಿ ಪ್ಯಾರಿಸ್‌ನಲ್ಲಿ ದಾಗೇರ್ ಅವರ ಫೋಟೊ ವಿಧಾನ ಲೋಕಕ್ಕೆ ಗೊತ್ತಾಯಿತು. ಆಗಿನ ಲೆನ್ಸುಗಳು ಒಳಬಿಡುತ್ತಿದ್ದ ಬೆಳಕು ತೀರಾ ಕಡಿಮೆ. ಬಿಸಿಲಿನಲ್ಲೂ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು.

ವಿಯೆನ್ನಾದಲ್ಲಿ ಗಣಿತ ಕಲಿಸುತ್ತಿದ್ದ ಜೋಸೆಫ್ ಪೆಟ್ಜ್‌ವಾಲ್ ಇದನ್ನು ಲೆಕ್ಕದ ಸಮಸ್ಯೆಯಾಗಿ ಕಂಡರು. ಫಿರಂಗಿ ದಳದ ಲೆಕ್ಕ ಬಲ್ಲ ಸೈನಿಕರ ನೆರವು ಪಡೆದು 1840ರಲ್ಲಿ ಹೊಸ ಲೆನ್ಸ್ ರೂಪಿಸಿದರು. ಅದನ್ನು ತಯಾರಿಸಿದ್ದು ಫೊಯ್ಕ್ಟ್‌ಲ್ಯಾಂಡರ್ ಕಂಪನಿ. ಅದರ ಅಪರ್ಚರ್ ಸುಮಾರು ಎಫ್ 3.6.

ಈ ಎಫ್ ಸಂಖ್ಯೆಯನ್ನು ಕಿಟಕಿಯ ಅಳತೆ ಅಂದುಕೊಳ್ಳಿ. ಸಂಖ್ಯೆ ಚಿಕ್ಕದಾದಷ್ಟೂ ಕಿಟಕಿ ದೊಡ್ಡದು. ಪೆಟ್ಜ್‌ವಾಲ್ ಲೆನ್ಸಿಗೆ ಅದುವರೆಗಿನ ಲೆನ್ಸುಗಳಿಗಿಂತ ಹದಿನೈದು, ಇಪ್ಪತ್ತು ಪಟ್ಟು ಹೆಚ್ಚು ಬೆಳಕು ಸಿಕ್ಕಿತು. ಚಿತ್ರದ ಅಂಚು ಮಸುಕಾದರೂ ನಡುವಿನ ಮುಖ ಚೂಪಾಗಿ ಮೂಡುತ್ತಿತ್ತು. ಲೆನ್ಸ್ ಜಗತ್ತಿನಾದ್ಯಂತ ಮಾರಾಟವಾಯಿತು. ಲಾಭದ ಹಂಚಿಕೆಯಲ್ಲಿ ಮೇಷ್ಟ್ರಿಗೂ ಕಂಪನಿಗೂ ಮಾತ್ರ ಜಗಳವೇ ಉಳಿಯಿತು.

ಕಾದು ತೆಗೆದವರು, ಕದ್ದು ತೆಗೆದವರು

ಇಂಗ್ಲೆಂಡಿನ ಫ್ರೆಡರಿಕ್ ಇವಾನ್ಸ್ ಲಂಡನ್ನಿನಲ್ಲಿ ಪುಸ್ತಕ ಮಾರುತ್ತಿದ್ದವರು. ಆಮೇಲೆ ದೊಡ್ಡ ಚರ್ಚುಗಳ ಒಳಾಂಗಣದ ಫೋಟೊಗಳಿಗೆ ಹೆಸರಾದರು. 1903ರಲ್ಲಿ ವೆಲ್ಸ್ ಕೆಥೆಡ್ರಲ್‌ನಲ್ಲಿ, ಶತಮಾನಗಳ ಕಾಲ ತುಳಿದು ಸವೆದ ಕಲ್ಲಿನ ಮೆಟ್ಟಿಲುಗಳನ್ನು ಕಡಲಿನ ಅಲೆಗಳಂತೆ ಕಾಣುವ ಹಾಗೆ ತೆಗೆದರು. ಅವರಿಗೆ ದೊಡ್ಡ ಕಿಟಕಿಯ ಲೆನ್ಸ್ ಬೇಕಿರಲಿಲ್ಲ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಒಳ್ಳೆಯ ಬೆಳಕಿಗೆ ಕಾದು, ನಿಧಾನವಾಗಿ ತೆಗೆದರು. ಕಲ್ಲು ಅಲುಗಾಡುವುದಿಲ್ಲವಲ್ಲ!

ಅಲುಗಾಡುವ ಮನುಷ್ಯರನ್ನು ಒಳಾಂಗಣದಲ್ಲಿ ಹಿಡಿದವರು ಜರ್ಮನಿಯ ಎರಿಕ್ ಸಾಲೊಮನ್. 1924ರಲ್ಲಿ ಡ್ರೆಸ್ಡೆನ್‌ನ ಎರ್ನೆಮನ್ ಕಂಪನಿ ಎರ್ಮನಾಕ್ಸ್ ಎಂಬ ಪುಟ್ಟ ಕ್ಯಾಮೆರಾ ತಂದಿತು. ಲುಡ್ವಿಗ್ ಬೆರ್ಟೆಲೆ ಅದಕ್ಕಾಗಿ ರೂಪಿಸಿದ ಲೆನ್ಸಿನ ಅಪರ್ಚರ್ ಎಫ್ 2, ಸ್ವಲ್ಪದರಲ್ಲೇ ಎಫ್ 1.8. ಇದನ್ನು ಬಚ್ಚಿಟ್ಟುಕೊಂಡು ಸಾಲೊಮನ್ ಕೋರ್ಟು, ರಾಜಕೀಯ ಸಭೆಗಳಿಗೆ ನುಗ್ಗಿದರು. ಫ್ಲ್ಯಾಶ್ ಇಲ್ಲದೆ, ಯಾರಿಗೂ ತೊಂದರೆಯಾಗದಂತೆ ಚಿತ್ರ ತೆಗೆದರು. ಯೆಹೂದಿ ಎಂಬ ಕಾರಣಕ್ಕೆ ನಾಜಿಗಳು 1944ರಲ್ಲಿ ಔಶ್ವಿಟ್ಜ್‌ನಲ್ಲಿ ಅವರನ್ನು ಕೊಂದರು.

ಅಗ್ಗವಾದದ್ದು ಹೇಗೆ?

1896ರಲ್ಲೇ ಝೈಸ್ ಕಂಪನಿಯ ಪಾಲ್ ರುಡಾಲ್ಫ್ 'ಪ್ಲಾನಾರ್' ಎಂಬ ಆರು ಗಾಜಿನ ಲೆನ್ಸ್ ರೂಪಿಸಿದ್ದರು. ವಿನ್ಯಾಸ ಒಳ್ಳೆಯದೇ. ಆದರೆ ಒಂದೊಂದು ಗಾಜೂ ಸ್ವಲ್ಪ ಬೆಳಕನ್ನು ಹಿಂದಕ್ಕೆ ಚಿಮ್ಮಿಸಿ ಚಿತ್ರ ಮಂಕಾಗುತ್ತಿತ್ತು. 1935ರಲ್ಲಿ ಅದೇ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ ಗಾಜಿಗೆ ತೆಳು ಲೇಪನ ಹಾಕುವ ದಾರಿ ಕಂಡುಕೊಂಡರು. ಲೆನ್ಸಿನ ಮೇಲೆ ಇಂದು ಕಾಣುವ ನೇರಳೆ ಹೊಳಪು ಇಂಥದ್ದೇ ಲೇಪನದ್ದು.

ಆಮೇಲೆ ಈ ಮಾದರಿಯ 50 ಎಂಎಂ ಲೆನ್ಸ್ ಫಿಲ್ಮ್ ಕ್ಯಾಮೆರಾಗಳ ಜೊತೆಗೇ ಬರುವಂತಾಯಿತು. ಹೆಚ್ಚು ತಯಾರಾದಷ್ಟೂ ಬೆಲೆ ಇಳಿಯಿತು. 1990ರಲ್ಲಿ ಕ್ಯಾನನ್ ಕಂಪನಿ ಲೋಹದ ಮೌಂಟ್ ಬಿಟ್ಟು ಪ್ಲಾಸ್ಟಿಕ್ ಹಾಕಿ ತನ್ನ 50 ಎಂಎಂ ಎಫ್ 1.8 ಅನ್ನು ಇನ್ನೂ ಅಗ್ಗ ಮಾಡಿತು. ಒಳಗಿದ್ದದ್ದು ಆರೇ ಗಾಜು.

ಹಾಗಾದರೆ ಏನು ಕೊಳ್ಳೋಣ?

ಮೊದಲು ಒಂದು ಪ್ರಶ್ನೆ: ನೀವು ತೆಗೆಯುವುದು ಕಟ್ಟಡವನ್ನೋ, ಮನುಷ್ಯರನ್ನೋ?

ಕಟ್ಟಡವಾದರೆ ಹೊಸ ಲೆನ್ಸ್ ಬೇಡ. ಇವಾನ್ಸ್ ದಾರಿ ಹಿಡಿಯಿರಿ. ಇರುವ ಕಿಟ್ ಲೆನ್ಸ್, ಒಂದು ಗಟ್ಟಿ ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್ ಸಾಕು.

ಮನುಷ್ಯರಾದರೆ ಎಫ್ 1.8 ಬೇಕು. ಕಿಟ್ ಲೆನ್ಸನ್ನು 55ಕ್ಕೆ ಜೂಮ್ ಮಾಡಿದಾಗ ಅಪರ್ಚರ್ ಎಫ್ 5.6ಕ್ಕೆ ಇಳಿಯುತ್ತದೆ. ಎಫ್ 1.8 ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಬಿಡುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗದ ಶಟರ್ ಬೇಕಾದ ಕಡೆ ನೂರನೇ ಒಂದು ಭಾಗ ಸಾಕಾಗುತ್ತದೆ. ಉಂಗುರದ ಕೈ ಉಳಿಯುವುದು ಇಲ್ಲೇ. ಲೆನ್ಸಿನ 'ಸ್ಟೆಬಿಲೈಸರ್' ನಮ್ಮ ಕೈನಡುಕವನ್ನಷ್ಟೇ ತಡೆಯುತ್ತದೆ, ಮದುಮಗಳ ಕೈಯನ್ನಲ್ಲ.

ನಮ್ಮಲ್ಲಿ ಹೆಚ್ಚಾಗಿ ಇರುವ ಚಿಕ್ಕ ಸೆನ್ಸರ್ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸಿನಿಂದ ದೃಶ್ಯ ಹತ್ತಿರ ಬಂದಂತೆ ಕಾಣುತ್ತದೆ. ಮುಖಗಳಿಗೆ ಚೆನ್ನ. ಸಣ್ಣ ಇಗರ್ಜಿಯಲ್ಲಿ ಹಿಂದೆ ಸರಿಯಲು ಜಾಗವಿಲ್ಲದಿದ್ದರೆ 35 ಎಂಎಂ ಒಳ್ಳೆಯದು. ನಿಕಾನ್‌ನ ಸಣ್ಣ ಕ್ಯಾಮೆರಾಗಳಿಗೆಂದೇ 2009ರಲ್ಲಿ ಬಂದ 35 ಎಂಎಂ ಎಫ್ 1.8 ಇದೆ. ನಿಕಾನ್‌ನ 3000, 5000 ಸಾಲಿನ ಕ್ಯಾಮೆರಾದೊಳಗೆ ಫೋಕಸ್ ಮೋಟಾರ್ ಇಲ್ಲ. ಆದ್ದರಿಂದ ಲೆನ್ಸಿನ ಮೇಲೆ 'ಎಎಫ್-ಎಸ್' ಎಂದು ಬರೆದಿದೆಯೇ ನೋಡಿ ಕೊಳ್ಳಿ.

ಎಫ್ 1.8ರಲ್ಲಿ ಫೋಕಸ್ ಆಗುವ ಆಳ ಬಹಳ ಕಡಿಮೆ. ಮೂರು ಮೀಟರ್ ದೂರದಲ್ಲಿ 50 ಎಂಎಂಗೆ ಸಿಗುವುದು ಸುಮಾರು 25 ಸೆಂಟಿಮೀಟರ್. ಕಣ್ಣಿಗೇ ಫೋಕಸ್ ಮಾಡಿ. ಮನೆಮಂದಿ ಎರಡು ಸಾಲಾಗಿ ನಿಂತರೆ ಎಫ್ 4ಕ್ಕೋ 5.6ಕ್ಕೋ ಹೋಗಿ ಐಎಸ್‌ಒ ಏರಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೆದರಬೇಡಿ. ಮೊಬೈಲ್ ಟಾರ್ಚ್ ಹಿಡಿದು ಒಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಬಿಟ್ಟುಬಿಡಿ. ಕರಾವಳಿ, ಮಲೆನಾಡಿನ ಮಳೆಗೆ ಅದು ಬೇಗ ಹಿಡಿಯುತ್ತದೆ.

ನಾವು ಕೊನೆಗೆ ಕೊಂಡದ್ದು ಹಳೆಯದೊಂದು 50 ಎಂಎಂ. ಅಕ್ಕನ ಮಗುವಿನ ಜ್ಞಾನಸ್ನಾನಕ್ಕೆ ಅದೇ ಇಗರ್ಜಿಗೆ ಹೋದೆವು. ಫ್ಲ್ಯಾಶ್ ಬ್ಯಾಗಿನಲ್ಲೇ ಉಳಿಯಿತು. ಮಗುವಿನ ಹಣೆಯ ಮೇಲೆ ನೀರು ಬೀಳುವ ಚಿತ್ರವನ್ನು ಅಕ್ಕ ತುಂಬಾ ಹೊತ್ತು ನೋಡಿ ಅಂದರು: "ಇದರಲ್ಲಾದ್ರೂ ನನ್ನ ಕೈ ಕಾಣ್ತದೆ ಮಾರಾಯ್ರೆ!"