ಹಕ್ಕಿಗಳತ್ತ ನೋಡಿರಿ: ಚಕ್ರವರ್ತಿಯೊಬ್ಬನ ಎರಡು ಲೆಕ್ಕಗಳು

ತಮ್ಮ ಮೇಲೆ ರೆಕ್ಕೆ ಹರಡಿ, ಮಡಚಿ ಹಾರುವ ಹಕ್ಕಿಗಳನ್ನು ಜನರು ನೋಡುವುದಿಲ್ಲವೇ ಎಂದು ಪವಿತ್ರ ಕುರ್‌ಆನ್ ಅಲ್ ಮುಲ್ಕ್ ಅಧ್ಯಾಯದ 19ನೆಯ ಸೂಕ್ತದಲ್ಲಿ ಪ್ರಶ್ನಿಸುತ್ತದೆ. ಅಲ್ ಅನ್‌ಆಮ್ ಅಧ್ಯಾಯದ 38ನೆಯ ಸೂಕ್ತವು ಅವುಗಳನ್ನೂ ನಮ್ಮಂತಹ ಸಮುದಾಯಗಳೆಂದೇ ಪರಿಗಣಿಸುತ್ತದೆ. ಹಾಗಿರುವಾಗ ಅವುಗಳನ್ನು ನಾವು ನೋಡಬೇಕಾದ ರೀತಿ ಯಾವುದು?

ಪ್ರಯಾಣವೊಂದರಲ್ಲಿ ಸಹಾಬಿಗಳು ಪುಟ್ಟ ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಅಲ್ಲೇ ಸುತ್ತತೊಡಗಿತು. ಅದರ ಸಂಕಟವನ್ನು ಕಂಡ ಪ್ರವಾದಿವರ್ಯರು(ಸ) ಮರಿಗಳನ್ನು ಮರಳಿಸುವಂತೆ ಆದೇಶಿಸಿದರು. ಅಬೂದಾವೂದ್ ವರದಿ ಮಾಡಿರುವ ಈ ಘಟನೆಯಲ್ಲಿ ನೋಟವೇ ಕರುಣೆಯ ಮೊದಲ ಹೆಜ್ಜೆ.

ಇತಿಹಾಸದಲ್ಲಿ ಇದಕ್ಕೊಂದು ಚಿಂತನಾರ್ಹ ನಿದರ್ಶನವಿದೆ. 1605ರಿಂದ 1627ರವರೆಗೆ ಆಳಿದ ಮೊಗಲ್ ಚಕ್ರವರ್ತಿ ಜಹಾಂಗೀರ್ ಕಟ್ಟಾ ಬೇಟೆಗಾರ. ಹನ್ನೆರಡನೆಯ ವಯಸ್ಸಿನಿಂದ ಆಳ್ವಿಕೆಯ ಹನ್ನೊಂದನೆಯ ವರ್ಷದವರೆಗೆ ತಾನೇ ಕೊಂದ ಪ್ರಾಣಿಗಳ ಲೆಕ್ಕವನ್ನು ಆತ ತನ್ನ ಆತ್ಮಕಥೆಯಲ್ಲಿ ನಮೂದಿಸಿದ್ದಾನೆ: ಒಟ್ಟು 17,167. ಅವುಗಳಲ್ಲಿ ಹಕ್ಕಿಗಳೇ 13,964.

ಅದೇ ಗ್ರಂಥದಲ್ಲಿ ಇನ್ನೊಂದು ಲೆಕ್ಕವಿದೆ. ಅರಮನೆಯಲ್ಲಿ ಸಾಕಿದ ಸಾರಸ ಜೋಡಿಯೊಂದಕ್ಕೆ ಆತ ಲೈಲಾ, ಮಜ್ನೂನ್ ಎಂದು ಹೆಸರಿಟ್ಟಿದ್ದ. ಹೆಣ್ಣು ಹಕ್ಕಿ ಎರಡು ಮೊಟ್ಟೆಗಳನ್ನಿಟ್ಟಿತು. ರಾತ್ರಿಯಿಡೀ ಅದು ಕಾವು ಕೊಡುವಾಗ ಗಂಡು ಪಕ್ಕದಲ್ಲಿ ನಿಂತು ಕಾವಲು ಕಾಯುತ್ತಿತ್ತು. ಬೆಳಗಾದಾಗ ಗಂಡು ಬಂದು ಕೊಕ್ಕಿನಿಂದ ಅದರ ಬೆನ್ನನ್ನು ಕೆದಕುತ್ತಿತ್ತು. ಹೆಣ್ಣು ಎದ್ದರೆ ಗಂಡು ಕೂರುತ್ತಿತ್ತು. 34 ದಿನಗಳ ಬಳಿಕ ಮೊದಲ ಮರಿ ಹೊರಬಂತು. ಇದೆಲ್ಲವನ್ನೂ ಚಕ್ರವರ್ತಿ ಸಹನೆಯಿಂದ ಗಮನಿಸಿ ಬರೆದಿಟ್ಟ.

ಸುಮಾರು ಆ ವರ್ಷಗಳಲ್ಲೇ ಮೊಮ್ಮಗ ಶುಜಾ ಕಾಯಿಲೆ ಬಿದ್ದಾಗ, ಮಗು ಬದುಕಿದರೆ ಇನ್ನು ಕೈಯಾರೆ ಯಾವ ಜೀವಿಯನ್ನೂ ನೋಯಿಸೆನೆಂದು ಆತ ಅಲ್ಲಾಹನೊಂದಿಗೆ ಹರಕೆ ಹೊತ್ತ. ಸಾರಸಗಳ ವೀಕ್ಷಣೆಯೇ ಈ ಹರಕೆಗೆ ಕಾರಣವೆಂದು ನಾವು ಹೇಳಲಾರೆವು. ಆದರೆ ಅಪಾಯದಲ್ಲಿರುವ ಒಂದು ಮಗುವಿಗಾಗಿ ಬೇಡುವಾಗ, ಇತರ ಜೀವಗಳ ಮೇಲಿನ ತನ್ನ ಕೈಯನ್ನು ತಡೆಯಬೇಕೆಂದು ಆತನಿಗೆ ತೋಚಿತೆಂಬುದು ಗಮನಾರ್ಹ.

13,964 ಹಕ್ಕಿಗಳು ಆತನಿಗೆ ಬರಿಯ ಸಂಖ್ಯೆಯಾದವು. ಎರಡು ಹಕ್ಕಿಗಳು ಕುಟುಂಬವಾಗಿ ಕಂಡವು. ಈ ಅಂತರವನ್ನು ಮಾಡಿದ್ದು ತಾಳ್ಮೆಯ ನೋಟ. ಅಂತಹ ನೋಟಕ್ಕೆ ಸೃಷ್ಟಿಕರ್ತನ ಸ್ಮರಣೆಯೂ ಸೇರಿದಾಗ ಅದು ತಫಕ್ಕುರ್, ಅಂದರೆ ಚಿಂತನೆಯ ಆರಾಧನೆಯಾಗುತ್ತದೆ.

ಫಜ್ರ್ ನಮಾಝಿನ ಬಳಿಕ ಮಕ್ಕಳನ್ನು ಅಂಗಳಕ್ಕೋ ಮಾಳಿಗೆಗೋ ಕರೆದೊಯ್ಯೋಣ. ಹಸಿದು ಗೂಡು ಬಿಡುವ ಹಕ್ಕಿಗಳು ಸಂಜೆ ಹೊಟ್ಟೆ ತುಂಬಿ ಮರಳುವುದನ್ನು ಪ್ರವಾದಿವರ್ಯರು(ಸ) ತವಕ್ಕುಲ್‌ನ ಮಾದರಿಯಾಗಿ ತೋರಿಸಿದ್ದಾರೆ. ಮೌನವಾಗಿ, ಕಲ್ಲೆತ್ತದೆ, ಅವುಗಳನ್ನು ನೋಡಲು ಮಕ್ಕಳಿಗೆ ಕಲಿಸೋಣ.