ಉಸಿರು ಉಳಿಯಿತು, ಕಣ್ಣು ಹೋಯಿತು

ಮಳೆಗಾಲದಲ್ಲಿ ಮರೆತಿಟ್ಟ ಬ್ರೆಡ್ಡಿನ ಮೇಲೆ ಬೂಷ್ಟು ಬೆಳೆಯುವುದನ್ನು ಎಲ್ಲರೂ ಕಂಡಿದ್ದೇವೆ. ಮಣ್ಣು, ಗೊಬ್ಬರದ ಗುಂಡಿ, ಕೊಳೆತ ಹಣ್ಣು ಎಲ್ಲವೂ ಇದರ ತವರೇ. ಇದರ ಬೀಜಕಣಗಳು ದಿನವೂ ನಮ್ಮ ಮೂಗನ್ನು ಹೊಕ್ಕರೂ ಆರೋಗ್ಯವಂತ ದೇಹ ಅವನ್ನು ಸದ್ದಿಲ್ಲದೆ ನಾಶಮಾಡುತ್ತದೆ. ಇಂಥ ಬೂಷ್ಟು 2021ರಲ್ಲಿ, ಕೊರೊನಾ ಗೆದ್ದು ಬಂದ ಎಷ್ಟೋ ಮಂದಿಯ ಕಣ್ಣುಗಳನ್ನು ಕಿತ್ತುಕೊಂಡದ್ದು ಹೇಗೆ?

ಮ್ಯೂಕರ್‌ಮೈಕೋಸಿಸ್ ಎಂಬ ಈ ರೋಗ ಹೊಸದೇನಲ್ಲ. ಆಸ್ಟ್ರಿಯಾದ ರೋಗಶಾಸ್ತ್ರಜ್ಞ ಅರ್ನಾಲ್ಡ್ ಪಾಲ್ಟಾಫ್ 1885ರಲ್ಲೇ ಇದನ್ನು ವಿವರಿಸಿದ್ದರು. 1943ರಲ್ಲಿ ಅಮೆರಿಕದ ವೈದ್ಯರು ಮೂವರು ಮಧುಮೇಹಿಗಳ ಮೆದುಳಿನಲ್ಲಿ ಇದನ್ನು ಗುರುತಿಸಿದರು. ಅಂದಿನಿಂದಲೂ ಮಧುಮೇಹವೇ ಇದಕ್ಕೆ ಹೆಬ್ಬಾಗಿಲು. 1950ರ ದಶಕದಲ್ಲಿ ವೆನೆಜುವೆಲಾದ ಒರಿನೊಕೊ ನದಿ ಬಯಲಿನ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಆಂಫೊಟೆರಿಸಿನ್-ಬಿ ದೊರೆತ ಮೇಲೆಯೇ ರೋಗಿಗಳಿಗೆ ಬದುಕುವ ಆಸೆ ಮೂಡಿತು.

ಮೂಗಿನ ಪಕ್ಕದ ಗೂಡುಗಳಿಗೂ ಕಣ್ಣಿನ ಕುಳಿಗೂ ನಡುವೆ ಇರುವುದು ಕಾಗದದಷ್ಟು ತೆಳುವಾದ ಎಲುಬು. ಅದನ್ನು ದಾಟಿದ ಶಿಲೀಂಧ್ರ ರಕ್ತನಾಳಗಳೊಳಗೆ ನುಗ್ಗಿ ರಕ್ತ ಹೆಪ್ಪುಗಟ್ಟಿಸುತ್ತದೆ. ರಕ್ತ ಸಿಗದ ಅಂಗಾಂಶ ಸತ್ತು ಕಪ್ಪಾಗುತ್ತದೆ. ಜನ ಇದನ್ನು 'ಕಪ್ಪು ಶಿಲೀಂಧ್ರ' ಎಂದು ಕರೆದರೂ, ಆ ಕಪ್ಪು ಬೂಷ್ಟಿನದಲ್ಲ, ಸತ್ತ ಮಾಂಸದ್ದು. ಸೋಂಕು ಮೆದುಳಿಗೆ ಏರದಂತೆ ತಡೆಯಲು ಕೆಲವೊಮ್ಮೆ ವೈದ್ಯರು ಕಣ್ಣನ್ನೇ ತೆಗೆಯಬೇಕಾಗುತ್ತದೆ.

ಆಮ್ಲಜನಕ ಬೇಕಾದಷ್ಟು ಬಿಗಡಾಯಿಸಿದ ಕೊರೊನಾ ರೋಗಿಗಳ ಸಾವನ್ನು ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ತಗ್ಗಿಸುತ್ತದೆಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ಪ್ರಯೋಗ ತೋರಿಸಿತ್ತು. ಆದರೆ ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಮಧುಮೇಹಿಗಳು ಹೆಚ್ಚಿರುವ ನಮ್ಮ ದೇಶದಲ್ಲಿ ಅಗತ್ಯವಿಲ್ಲದವರಿಗೂ, ಅಗತ್ಯಕ್ಕಿಂತ ಹೆಚ್ಚು ದಿನವೂ ಅದನ್ನು ಕೊಟ್ಟದ್ದುಂಟು. 2021ರ ಮೇ ತಿಂಗಳಲ್ಲಿ ಇದನ್ನು ಅಧಿಸೂಚಿತ ರೋಗವೆಂದು ಘೋಷಿಸುವಂತೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೂಚಿಸಿತು. ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣ, 4,300ಕ್ಕೂ ಹೆಚ್ಚು ಸಾವು ದಾಖಲಾದವು. ಔಷಧಿಗಾಗಿ ಮನೆಯವರು ಊರೂರು ಅಲೆದರು.

ಮುಖದ ಒಂದೇ ಬದಿಯಲ್ಲಿ ಬಾವು, ಕಣ್ಣುನೋವು, ಒಂದು ವಸ್ತು ಎರಡಾಗಿ ಕಾಣುವುದು, ಮೂಗಿನಿಂದ ಕಪ್ಪು ಸ್ರಾವ ಇದರ ಮುನ್ಸೂಚನೆಗಳು. ಇವು ಕಂಡ ದಿನವೇ ವೈದ್ಯರ ಬಳಿಗೆ ಓಡಿದವರಲ್ಲಿ ಹಲವರು ದೃಷ್ಟಿ ಉಳಿಸಿಕೊಂಡರು. ಪ್ರಾಣ ಉಳಿಸುವ ಮದ್ದಿಗೂ ಅಳತೆಯುಂಟು. ಆ ಅಳತೆ ತಪ್ಪಿದಾಗ ಏನಾಗುತ್ತದೆಂಬುದನ್ನು ಆ ಬೇಸಿಗೆ ಕಲಿಸಿತು. ಆದರೆ ಪಾಠದ ಬೆಲೆಯನ್ನು ತೆತ್ತವರು ರೋಗಿಗಳು.