ಅಕ್ಕನಿಗೆ ಮದುವೆಯಾಗಿತ್ತೇ?

ಬಸವೇಶ್ವರನಗರದಲ್ಲಿ ಪಾಠ ಹೇಳುವವಳಿಗೆ 12ನೆಯ ಶತಮಾನ ಬಹಳ ದೂರದ್ದೇನಲ್ಲ. ಬಸ್ಸಿನ ಬೋರ್ಡಿನ ಮೇಲೆಯೇ ಬಸವಣ್ಣನವರ ಹೆಸರಿದೆ. ಆದರೆ ದಿನವೂ ಕಣ್ಣಿಗೆ ಬೀಳುವ ಹೆಸರಿನ ಬಗ್ಗೆ ಯಾರು ತಾನೇ ಪ್ರಶ್ನೆ ಕೇಳುತ್ತಾರೆ? ಅಕ್ಕಮಹಾದೇವಿಯ ಬಗ್ಗೆ ಹೇಳಿ ಎಂದರೆ ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಾರೆ: ಹುಟ್ಟಿದ್ದು ಉಡುತಡಿ, ಅಂಕಿತ ಚೆನ್ನಮಲ್ಲಿಕಾರ್ಜುನ, ಐಕ್ಯವಾದದ್ದು ಶ್ರೀಶೈಲ. 3 ಅಂಕ ಬಂತು, ಅಕ್ಕ ಮುಗಿದಳು.

ಅದಕ್ಕೇ ನಾನು ಒಂಬತ್ತನೆಯ ತರಗತಿಯಲ್ಲಿ ಪಾಠವನ್ನು ಒಂದು ಪ್ರಶ್ನೆಯಿಂದ ಶುರುಮಾಡುತ್ತೇನೆ. ಅಕ್ಕನಿಗೆ ಕೌಶಿಕನ ಜೊತೆ ಮದುವೆಯಾಗಿತ್ತೇ, ಇಲ್ಲವೇ? ಮೊದಲು ಒಂದಿಷ್ಟು ನಗು. ಆಮೇಲೆ ಅರ್ಧ ತರಗತಿ ‘ಆಗಿತ್ತು’ ಎನ್ನುತ್ತದೆ, ಇನ್ನರ್ಧ ‘ಇಲ್ಲ’ ಎನ್ನುತ್ತದೆ. ‘ಯಾರು ಹೇಳಿದರು?’ ಎಂದು ಕೇಳಿದರೆ ಉತ್ತರಗಳು ಬರುತ್ತವೆ: ಅಜ್ಜಿ ಹೇಳಿದ್ದು, ಸಿನಿಮಾದಲ್ಲಿ ನೋಡಿದ್ದು, ಗೈಡಿನಲ್ಲಿ ಓದಿದ್ದು. ಸರಿ, ಅವರಿಗೆ ಯಾರು ಹೇಳಿದರು?

ಹೀಗೆ ಹಿಂದೆ ಹಿಂದೆ ಹೋದರೆ ನಮಗೆ ಇಬ್ಬರು ಕವಿಗಳು ಸಿಗುತ್ತಾರೆ. ಮೊದಲನೆಯವನು ಹರಿಹರ. ಅಕ್ಕ ಬಾಳಿದ ಕಾಲಕ್ಕೆ ಬಹಳ ಹತ್ತಿರದವನು, ಹಂಪೆಯಲ್ಲಿದ್ದವನು. ಅವನ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಮದುವೆ ಆಗಿದೆ. ರಾಜ ಕೌಶಿಕ ಅವಳನ್ನು ಕಂಡು ಮರುಳಾಗುತ್ತಾನೆ. ತಂದೆತಾಯಿಯರಿಗೆ ಬೆದರಿಕೆ ಬರುತ್ತದೆ. ಅವಳು ತನ್ನ ಷರತ್ತುಗಳನ್ನು ಮುಂದಿಟ್ಟು ಒಪ್ಪುತ್ತಾಳೆ. ತನ್ನ ಪೂಜೆಗೆ, ಶರಣರ ಸಂಗಕ್ಕೆ ಅಡ್ಡಿಯಾಗಬಾರದು. ತಪ್ಪಿ ನಡೆದರೆ ಮೂರು ಸಲ ಸೈರಿಸುತ್ತೇನೆ, ಆಮೇಲೆ ಇರುವವಳಲ್ಲ. ಅವನು ಮಾತು ಮುರಿಯುತ್ತಾನೆ, ಅವಳು ಎದ್ದು ಹೊರಡುತ್ತಾಳೆ.

ಎರಡನೆಯವನು ಚಾಮರಸ. 15ನೆಯ ಶತಮಾನದವನು, 1424ರಿಂದ 1446ರವರೆಗೆ ವಿಜಯನಗರವನ್ನು ಆಳಿದ ಪ್ರೌಢದೇವರಾಯನ ಕಾಲದವನು. ಅವನ ‘ಪ್ರಭುಲಿಂಗಲೀಲೆ’ಯಲ್ಲಿ ಅಕ್ಕ ಪಾರ್ವತಿಯ ಸಾತ್ವಿಕ ಕಳೆಯಾಗಿ ಭೂಮಿಗೆ ಬಂದವಳು. ಕೌಶಿಕ ಇಲ್ಲಿಯೂ ಆಸೆಪಡುತ್ತಾನೆ, ಆದರೆ ಮದುವೆ ನಡೆಯುವುದಿಲ್ಲ. (ನಮ್ಮ ಮಕ್ಕಳಿಗೆ ವಿಜಯನಗರವೆಂದರೆ ಮೆಟ್ರೋ ಸ್ಟೇಷನ್, ಹಂಪಿನಗರವೆಂದರೆ ಅದರ ಪಕ್ಕದ ಬಡಾವಣೆ. ಹರಿಹರ, ಚಾಮರಸ ಇಬ್ಬರೂ ಇಲ್ಲಿಯವರೇ ಎಂದು ನಂಬಿದ ಮಕ್ಕಳೂ ಉಂಟು!)

ಈಗ ಪ್ರಶ್ನೆ ಬದಲಾಗುತ್ತದೆ. ಯಾರನ್ನು ನಂಬೋಣ? ಮಕ್ಕಳು ಸಾಮಾನ್ಯವಾಗಿ ಹರಿಹರನ ಕಡೆಗೆ ವಾಲುತ್ತಾರೆ, ಹತ್ತಿರದ ಕಾಲದವನಲ್ಲವೇ ಎಂದು. ಆದರೆ ಹತ್ತಿರವಿದ್ದವನು ಹೇಳಿದ್ದೆಲ್ಲ ನಿಜವೇ? ಪಕ್ಕದ ಮನೆಯವರು ನಮ್ಮ ಮನೆಯ ಬಗ್ಗೆ ಹೇಳುವುದೆಲ್ಲ ನಿಜವೇ ಎಂದರೆ ತಕ್ಷಣ ಅರ್ಥವಾಗುತ್ತದೆ. ಹರಿಹರನೂ ಭಕ್ತ, ಕವಿ. ಲೆಕ್ಕ ಬರೆಯುವ ಶಾನುಭೋಗನಲ್ಲ. ಹಾಗಾದರೆ ಅಕ್ಕನ ವಚನಗಳನ್ನೇ ನೋಡೋಣ ಎನ್ನುತ್ತಾರೆ. ಅಲ್ಲಿ ಅವಳು ಚೆನ್ನಮಲ್ಲಿಕಾರ್ಜುನನೇ ತನ್ನ ಗಂಡ ಎನ್ನುತ್ತಾಳೆ, ಲೋಕದ ಗಂಡಂದಿರನ್ನು ಬೇಡವೆನ್ನುತ್ತಾಳೆ. ಬೇಡವೆಂದದ್ದು ಉಂಡು ನೋಡಿಯೋ, ಉಣ್ಣದೆಯೋ? ವಿದ್ವಾಂಸರಲ್ಲೇ ಇದಕ್ಕೆ ಒಮ್ಮತವಿಲ್ಲ. ಅದನ್ನು ಮಕ್ಕಳಿಗೆ ಹೇಳುವುದಕ್ಕೆ ನನಗೆ ಸಂಕೋಚವೂ ಇಲ್ಲ.

ನನ್ನ ತರಗತಿಗೆ ನಿಯಮಗಳು ಕೆಲವೇ. ಹಿಂದೆ ಮಾತಾಡಿದವಳು ಏನೆಂದಳು ಎಂಬುದನ್ನು ಹೇಳಿದ ಮೇಲೆಯೇ ನಿನ್ನ ಮಾತು. ‘ನನಗೆ ಹಾಗನ್ನಿಸುತ್ತದೆ’ ಎಂದರೆ ಸಾಲದು, ‘ಏಕೆಂದರೆ’ ಬರಬೇಕು. 20 ನಿಮಿಷ ನಾನು ಉತ್ತರ ಹೇಳುವಂತಿಲ್ಲ. ಈ ಮೂರನೆಯದೇ ಕಷ್ಟ. ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ ಸುಮ್ಮನಿರುತ್ತದೆಯೇ?

ಒಂದು ದಿನ ನಾನು ಯೋಚಿಸದ ಕಡೆಯಿಂದ ಪ್ರಶ್ನೆ ಬಂತು. ‘ಮಿಸ್, ಚಾಮರಸನಿಗೆ ಮದುವೆಯನ್ನು ಯಾಕೆ ತೆಗೆದುಹಾಕಬೇಕಾಯಿತು?’ ಹಿಂದಿನ ಬೆಂಚಿನ ಹುಡುಗ, ‘ದೇವರು ಅಂದಮೇಲೆ ಇನ್ನೊಬ್ಬ ಗಂಡ ಇರಬಾರದಲ್ಲ’ ಎಂದ. ಅವನ ಮಾತಿಗೆ ಒಬ್ಬಳು, ‘ಗಂಡನನ್ನು ಬಿಟ್ಟು ಬಂದವಳು ಅಂದರೆ ಜನ ಒಪ್ಪುತ್ತಿರಲಿಲ್ಲ. ಮದುವೆಯೇ ಆಗಿಲ್ಲ ಅಂದರೆ ಪೂಜೆ ಮಾಡಬಹುದು’ ಎಂದಳು. ತರಗತಿ ಒಂದು ಗಳಿಗೆ ಮೌನವಾಯಿತು. ಆ ಮಾತು ಸರಿಯೆಂದು ನಾನು ಸಾಧಿಸಲಾರೆ. ಆದರೆ ಹದಿನಾಲ್ಕು ವರ್ಷದವಳು, ಕವಿ ಏನು ಹೇಳಿದ ಎಂಬುದನ್ನು ದಾಟಿ ಯಾಕೆ ಹಾಗೆ ಹೇಳಿರಬಹುದು ಎಂಬಲ್ಲಿಗೆ ತಲುಪಿದ್ದಳು. ಅವಳ ಮನೆಯ ಕಥೆ ನನಗೆ ಗೊತ್ತಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಮರುವಾರ ಒಬ್ಬ ತಾಯಿ ಬಂದರು. ‘ಏನು ಮೇಡಂ, ಅಕ್ಕ ಅಂದರೆ ನಾವು ಕೈಮುಗಿಯುವವರು. ಅವಳ ಮದುವೆ ವಿಚಾರ ಮಕ್ಕಳ ಬಾಯಲ್ಲಿ ಯಾಕೆ? ಪೋರ್ಷನ್ ಬೇರೆ ಮುಗಿದಿಲ್ಲವಂತೆ.’ ಪೋರ್ಷನ್ನಿನ ಮಾತು ಒಪ್ಪಿಕೊಳ್ಳಬೇಕಾದದ್ದೇ. ಒಂದು ಪ್ರಶ್ನೆಗೆ ಎರಡು ಪೀರಿಯಡ್ ಹೋಗುತ್ತದೆ. ಮೊದಲನೆಯದಕ್ಕೆ ಮಾತ್ರ ನಾನು ಅವರಿಗೆ ‘ಶೂನ್ಯಸಂಪಾದನೆ’ಯ ಕಥೆ ಹೇಳಿದೆ. ಅದರಲ್ಲಿ ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಆರತಿ ಎತ್ತಿ ಕರೆದುಕೊಳ್ಳುವುದಿಲ್ಲ. ನಿನ್ನ ಗಂಡ ಯಾರು ಹೇಳು, ಇಲ್ಲವಾದರೆ ಬಂದ ದಾರಿ ಹಿಡಿ ಎನ್ನುತ್ತಾನೆ. ಉಡುಗೆ ಬಿಟ್ಟವಳು ಕೂದಲನ್ನು ಯಾಕೆ ಹೊದ್ದೆ ಎಂದೂ ಕೇಳುತ್ತಾನೆ. ತುಂಬಿದ ಸಭೆಯಲ್ಲಿ ಒಂಟಿ ಹೆಣ್ಣಿಗೆ ಎಂಥ ಪ್ರಶ್ನೆಗಳು! ಅವಳು ಅಳುವುದಿಲ್ಲ, ಸಿಟ್ಟಾಗುವುದಿಲ್ಲ. ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಕೊನೆಗೆ ಆ ಸಭೆಯೇ ತಲೆಬಾಗುತ್ತದೆ. ಈ ಗ್ರಂಥವೂ 15ನೆಯ ಶತಮಾನದಲ್ಲಿ ರೂಪುಗೊಂಡದ್ದು, ಕಲ್ಯಾಣದ ಕಾಲದ ವರದಿಯಲ್ಲ. ಆದರೂ ಅದನ್ನು ಜೋಡಿಸಿದ ಭಕ್ತರಿಗೆ, ಅಕ್ಕನನ್ನು ಪ್ರಶ್ನಿಸಿದರೆ ಅವಳ ಗೌರವ ಕಡಿಮೆಯಾಗುತ್ತದೆ ಎಂದು ಅನ್ನಿಸಿರಲಿಲ್ಲ.

ಪೂಜ್ಯರನ್ನು ಪ್ರಶ್ನಿಸಬಹುದೇ ಎಂಬ ಗಲಾಟೆ ಈ ಕಡೆಯ ಬೆಂಗಳೂರಿಗೆ ಹೊಸದಲ್ಲ. ಕೆಂಗೇರಿಯ ದಾರಿಯಲ್ಲಿ ಜ್ಞಾನಭಾರತಿ ಇದೆಯಲ್ಲ, ಆ ವಿಶ್ವವಿದ್ಯಾಲಯಕ್ಕೆ ಎಚ್. ನರಸಿಂಹಯ್ಯನವರು ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ನಾಡೆಲ್ಲ ಪರ-ವಿರೋಧ ಎದ್ದಿತು. ಅವರದು ವಿಜ್ಞಾನದ ದಾರಿ, ನನ್ನದು ಬರೀ ಚರಿತ್ರೆಯ ತರಗತಿ. ಆದರೂ ‘ಹೇಗೆ ಗೊತ್ತು?’ ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ಆ ತಾಯಿ ಪೂರ್ತಿ ಒಪ್ಪಿದರು ಎನ್ನಲಾರೆ. ಹೋಗುವಾಗ, ‘ಹಾಗಾದರೆ ಆಗಿತ್ತೋ ಇಲ್ಲವೋ, ನೀವೇ ಹೇಳಿ’ ಎಂದರು. ‘ನಿಮಗೇನನ್ನಿಸುತ್ತದೆ?’ ಎಂದೆ. ಬಾಗಿಲಲ್ಲೇ ನಿಂತು ಯೋಚಿಸಿ, ‘ಆಗಿರಬೇಕು. ಆಗದೆ ಅಷ್ಟು ಗೊತ್ತಿರುವುದಿಲ್ಲ’ ಎಂದರು. ಅವರ ‘ಏಕೆಂದರೆ’ ನನಗೆ ಹಿಡಿಸಿತು.

ಈ ವಾರ ಆಯ್ದಕ್ಕಿ ಲಕ್ಕಮ್ಮನ ಸರದಿ. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟೇಕೆ ಎಂದು ಕೇಳಿ ಅಲ್ಲೇ ಸುರಿದು ಬಾ ಎಂದು ಕಳಿಸಿದವಳು. ರೇಷನ್ ಕ್ಯೂನಲ್ಲಿ ನಿಂತು ಗೊತ್ತಿರುವ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಲಕ್ಕಮ್ಮ ಮಾಡಿದ್ದು ಸರಿಯೇ ಎಂದು ಅವರನ್ನು ಕೇಳಬೇಕು. 20 ನಿಮಿಷ ಸುಮ್ಮನಿರಬೇಕು.